ಎರಡು ಬ್ರೇಕಿನ ಕಾರು

ಕಾರು ಓಡಿಸುವುದನ್ನು ಕಲಿಸುವ ಹೆಂಗಸಿಗೆ ಮೇಡಂ ಅಂತಲೋ ಟೀಚರ್ ಅಂತಲೋ ಹೆಸರು ನಿಲ್ಲಬೇಕಿತ್ತು. ಆಕೆಗೆ ನಿಂತದ್ದು ಬ್ರೇಕಕ್ಕ ಅಂತ. ಹಳದಿ ಬಣ್ಣದ ಆ ಪುಟ್ಟ ಕಾರಿಗೆ ಇಪ್ಪತ್ತೆರಡು ವರ್ಷಗಳಿಂದ ಕಲಿಯಲು ಬಂದವರೆಲ್ಲ ಮೊದಲ ದಿನ ಕೇಳಿಸಿಕೊಂಡ ಮಾತು ಒಂದೇ: "ನೋಡು, ಈ ಗಾಡಿಗೆ ಎರಡು ಬ್ರೇಕು. ಒಂದು ನಿನ್ನ ಕಾಲ ಕೆಳಗೆ, ಇನ್ನೊಂದು ನನ್ನ ಕಾಲ ಕೆಳಗೆ. ನಿನ್ನದನ್ನ ನಾನು ನಂಬಲ್ಲ."

ಬ್ರೇಕಕ್ಕ ಯಾರ್ಯಾರನ್ನು ನಂಬುತ್ತಿದ್ದಳು ಅಂತ ಪಟ್ಟಿ ಮಾಡಲು ಬಸ್ ಟಿಕೆಟ್ಟಿನ ಹಿಂಬದಿ ಸಾಕಾಗುತ್ತಿತ್ತು. ಹಾಲಿನವನು ಅಳೆಯುವಾಗ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಡಾಕ್ಟರು ಬರೆದ ಮಾತ್ರೆ ಸರಿಯೇ ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ಕೇಳುತ್ತಿದ್ದಳು, ಆ ಇನ್ನೊಬ್ಬರು ಹೌದು ಅಂದರೆ ಇಬ್ಬರೂ ಶಾಮೀಲು ಅನ್ನುತ್ತಿದ್ದಳು. ವಯಸ್ಸು ಐವತ್ತಾರು, ಗಿಡ್ಡ ಆಳು, ಮೂಗಿನ ತುದಿಯಲ್ಲೇ ಕೋಪ. ರಸ್ತೆಯಲ್ಲಿ ಆಕೆಯ ಕಾರಿನ ಹಿಂದೆ ಬಂದವರೆಲ್ಲ ಯಾಕೋ ಹಾರ್ನ್ ಹೊಡೆಯುತ್ತಿದ್ದರು, ಕೆಲವರು ಮುಂದೆ ಹೋಗುವಾಗ ಕೈ ಬೀಸಿ ಹಿಂದೆ ನೋಡಿ ಅಂತ ಸನ್ನೆಯನ್ನೂ ಮಾಡುತ್ತಿದ್ದರು. "ತಲೆ ಕೆಟ್ಟವರು," ಅಂತ ಶಿಷ್ಯರಿಗೆ ಹೇಳಿ ಕಿಟಕಿ ಗಾಜು ಏರಿಸುತ್ತಿದ್ದಳು.

ನಂಬುವವರ ಆ ಪಟ್ಟಿಯಲ್ಲಿ ಖಂಡಿತ ಇದ್ದವರು ಒಬ್ಬರು, ಆಕೆಯ ಗಂಡ. ಅವರು ತೀರಿಕೊಂಡು ಆರು ವರ್ಷ. ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು, ಆ ಕೆಲಸದ ಚಟ ಮನೆಗೂ ಅಂಟಿತ್ತು. ಹೊಸ ಬಲ್ಬು ಹಾಕಿದರೆ ಅದರ ಬುಡದಲ್ಲಿ ತಾರೀಖು. ಹಲ್ಲುಜ್ಜುವ ಬ್ರಷ್ಷಿನ ಮೇಲೆ, ಬೀಗದ ಮೇಲೆ, ಹೊಸ ಚಪ್ಪಲಿಯ ಅಟ್ಟೆಯಲ್ಲಿ ಕೂಡ ತಾರೀಖು. ಸಣ್ಣ, ಓರೆ ಅಂಕಿಗಳು. ಏಳು ಬರೆದರೆ ಅದರ ನಡುವೆ ಒಂದು ಅಡ್ಡಗೆರೆ ಎಳೆಯದೆ ಬಿಡುತ್ತಿರಲಿಲ್ಲ. ಅವರ ತಾರೀಖು ಬಿದ್ದ ಬಲ್ಬೊಂದು ಬಚ್ಚಲಮನೆಯಲ್ಲಿ ಇನ್ನೂ ಉರಿಯುತ್ತಿದೆ, ಅದನ್ನು ಒರೆಸುವಾಗ ಬ್ರೇಕಕ್ಕ ಬುಡವನ್ನು ಮಾತ್ರ ಒರೆಸುವುದಿಲ್ಲ.

ಕಲಿಸಲು ಶುರು ಮಾಡಿದ ಮೊದಲ ವರ್ಷವೇ ಶಿಷ್ಯೆಯೊಬ್ಬಳು ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ಒತ್ತಿ ಬೇಕರಿಯ ಮೆಟ್ಟಿಲಿನತ್ತ ಕಾರು ನುಗ್ಗಿಸಿದ್ದಳು. ಮೆಟ್ಟಿಲ ಮೇಲೆ ಒಬ್ಬ ಮುದುಕ ಪೇಪರು ಓದುತ್ತಾ ಕೂತಿದ್ದ. ಕಾರು ನಿಂತಾಗ ಬಂಪರಿಗೂ ಮುದುಕನ ಮೊಣಕಾಲಿಗೂ ಒಂದು ಗೇಣು. ಬ್ರೇಕಕ್ಕ ಎರಡು ದಿನ ಊಟ ಬಿಟ್ಟಳು, ಕಾರು ಮಾರಿಬಿಡಿ ಅಂದಳು. ಗಂಡ ಅವಸರ ಮಾಡಲಿಲ್ಲ. ಮೂರನೆಯ ದಿನ, "ನಿನ್ನ ಕಡೆನೂ ಬ್ರೇಕ್ ಇದೆಯಲ್ಲ ಕಣೇ, ಕಾಲು ಅದರ ಮೇಲೇ ಇಟ್ಕೊಂಡು ಕೂತ್ಕೋ, ಭಯ ಆಗಲ್ಲ," ಅಂದರು. ಮಾತು ನಾಟಿತು. ಅಂದಿನಿಂದ ಇಂದಿನವರೆಗೆ ಒಬ್ಬರಿಗೂ ಒಂದು ಗೀರು ತಾಗಿಲ್ಲ. ಆಕೆಗೆ ಇದ್ದ ಹೆಮ್ಮೆ ಅದೊಂದೇ, ಹೊಟ್ಟೆಪಾಡೂ ಅದೇ.

ಗಂಡನ ಮೇಲೆ ಇದ್ದ ದೂರೂ ಒಂದೇ. ಕೆಲವು ಭಾನುವಾರ ಬೆಳಿಗ್ಗೆ, "ಕಾರು ತೊಳೆಸ್ಕೊಂಡು ಬರ್ತೀನಿ," ಅಂತ ಹೊರಟರೆ ಅವರು ಮರಳುತ್ತಿದ್ದುದು ಊಟದ ಹೊತ್ತಿಗೆ. ಕಾರು ನೋಡಿದರೆ ಚಾವಣಿಯ ಮೇಲೆ ಹಕ್ಕಿ ಹಾಕಿದ ಹಿಕ್ಕೆ ಹಾಗೇ ಇರುತ್ತಿತ್ತು, ಬಾಗಿಲ ಕೆಳಗಿನ ಕೆಸರೂ ಹಾಗೇ. "ಇದಾ ನೀವು ತೊಳೆಸಿದ್ದು?" ಅಂದರೆ, "ಇವತ್ತು ಅಲ್ಲಿ ನೀರು ಸಣ್ಣಗೆ ಬರ್ತಿತ್ತು," ಅನ್ನುತ್ತಿದ್ದರು. ತಮ್ಮನ ಗ್ಯಾರೇಜಿನಲ್ಲಿ ಹರಟೆ ಕೊಚ್ಚುತ್ತಾ ಕೂತು ಬಂದಿದ್ದಾರೆ ಅಂತ ಆಕೆಗೆ ಗೊತ್ತಿತ್ತು. ಹದಿನಾರು ವರ್ಷ ಅದಕ್ಕಾಗಿ ಮಂಗಳಾರತಿ ಎತ್ತಿದಳು. ಕೊನೆಯ ಸಲ ಹೋದಾಗ ಅವರಿಗೆ ಮೆಟ್ಟಿಲಿಳಿದರೆ ಏದುಸಿರು ಬರುತ್ತಿತ್ತು. "ಪ್ರಾಣ ಹೋಗೋ ಹಂಗಿದೆ, ಕಾರು ತೊಳೆಸೋದೊಂದು ಕೇಡು," ಅಂತ ಬೈದಳು. ಅವರು ಹೋದರು, ಕೊಳಕು ಕಾರಿನಲ್ಲೇ ಬಂದರು. ಅವತ್ತು ಸಂಜೆಯವರೆಗೆ ಆಕೆ ಮಾತಾಡಲಿಲ್ಲ. ಐದು ವಾರ ಕಳೆದ ಮೇಲೆ ಮಾತಾಡೋಣವೆಂದರೂ ಅವರೇ ಇರಲಿಲ್ಲ.

ಇನ್ನು ಆ ತಮ್ಮ, ಅಂದರೆ ಬ್ರೇಕಕ್ಕನ ಮೈದುನ. ಮುಖ್ಯರಸ್ತೆಯ ತಿರುವಿನಲ್ಲಿ ನೀಲಿ ಬಾಗಿಲಿನ ಗ್ಯಾರೇಜು ಅವನದು. ಗಂಡ ಇದ್ದಷ್ಟು ಕಾಲ ಕಾರು ಹೋಗುತ್ತಿದ್ದುದು ಅಲ್ಲಿಗೇ. ಬ್ರೇಕ್ ಪ್ಯಾಡು, ಅಂದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಆ ಬಿಲ್ಲೆಗಳನ್ನು, ಆಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿಕೊಂಡು ಬರುತ್ತಿದ್ದಳು, ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಗಂಡ ಹೋದ ನಾಲ್ಕನೇ ತಿಂಗಳಿಗೆ ಕಾರು ಕೀಚಲು ದನಿಯಲ್ಲಿ ಅಳತೊಡಗಿತು. ತೆಗೆದುಕೊಂಡು ಹೋದರೆ ಮೈದುನ, "ಪ್ಯಾಡು ಸವೆದಿದೆ ಅತ್ತಿಗೆ," ಅಂದ.

"ಹಾಕಿ ಇನ್ನೂ ಒಂದು ವರ್ಷ ಆಗಿಲ್ಲ. ಎರಡು ವರ್ಷ ಬರ್ತಿತ್ತಲ್ಲ?"

ಅವನು ತಲೆ ಕೆರೆದುಕೊಂಡ, ಆಕಡೆ ಈಕಡೆ ನೋಡಿದ. "ನೀವು ಕಾಲು ಅದರ ಮೇಲೇ ಇಟ್ಟಿರ್ತೀರಿ. ಅದಕ್ಕೇ."

"ಇಟ್ಟಿರ್ತೀನಿ, ಒತ್ತಲ್ಲ. ಹದಿನಾರು ವರ್ಷ ಸವೆಸದ ಕಾಲು ಈಗ ಸವೆಸ್ತಾ? ನಿಮ್ಮಣ್ಣ ಕಣ್ಮುಚ್ಚಲಿ ಅಂತ ಕಾಯ್ತಾ ಇದ್ದೆಯಾ ಟೋಪಿ ಹಾಕೋಕೆ? ಕಳ್ಳ!"

ಗ್ಯಾರೇಜಿನಲ್ಲಿ ನಾಲ್ಕು ಗಿರಾಕಿಗಳಿದ್ದರು. ಮೈದುನನ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಬೀಗದ ಕೈಯನ್ನು ಬಾನೆಟ್ಟಿನ ಮೇಲೆ ಎಸೆದು ಒಳಗೆ ಹೋದ. ಅಷ್ಟೇ, ಆರು ವರ್ಷ ಮುಖ ನೋಡಲಿಲ್ಲ.

ಆಮೇಲೆ ಶುರುವಾಯಿತು ನಂಬಿಕಸ್ಥ ಮೆಕ್ಯಾನಿಕ್ಕಿನ ಹುಡುಕಾಟ. ಹೆಣ್ಣಿಗೆ ಗಂಡು ನೋಡುವವರು ಕೂಡ ಅಷ್ಟು ಕೆದಕುವುದಿಲ್ಲ. ಮೊದಲು ಹೋದದ್ದು ಗಾಜಿನ ಗೋಡೆಯ ದೊಡ್ಡ ಸರ್ವೀಸ್ ಸೆಂಟರಿಗೆ. ಮೆತ್ತನೆಯ ಸೋಫಾ, ತಣ್ಣಗಿನ ಗಾಳಿ, ಟೈ ಕಟ್ಟಿದ ನಗುಮುಖದವನು. ಒಳಗೆ ಬಿಡುವ ಮುಂಚೆ ಬ್ರೇಕಕ್ಕ ಚಕ್ರದ ನಟ್ಟಿನಿಂದ ನಟ್ಟಿಗೆ ಕಣ್ಣಿಗೆ ಕಾಣದಂಥ ಕಪ್ಪು ದಾರ ಸುತ್ತಿದ್ದಳು. ಎರಡು ಗಂಟೆಯ ನಂತರ ಟೈಯವನು ನಾಲ್ಕು ಪುಟದ ವರದಿ ಕೊಟ್ಟ. ಎಲ್ಲಾ ಚಕ್ರ ಬಿಚ್ಚಿ ಬ್ರೇಕು ಸ್ವಚ್ಛ ಮಾಡಲಾಗಿದೆ ಅಂತಿತ್ತು ಅದರಲ್ಲಿ. ದಾರ ಕಟ್ಟಿದ ಹಾಗೇ ಇತ್ತು. ಆಕೆ ಅವನ ಟೈ ಹಿಡಿದೇ ಚಕ್ರದ ತನಕ ಕರೆದೊಯ್ದು ಬಗ್ಗಿಸಿ ತೋರಿಸಿದಳು. ಸೋಫಾದಲ್ಲಿ ಕೂತಿದ್ದವರೆಲ್ಲ ಎದ್ದು ತಂತಮ್ಮ ಕಾರಿನ ಚಕ್ರ ನೋಡಿಕೊಳ್ಳತೊಡಗಿದರು.

ಎರಡನೆಯವನು ಮಾತಿಗೊಮ್ಮೆ ತಾಯಾಣೆ ಹಾಕುತ್ತಿದ್ದ. ತಾಯಾಣೆಗೂ ಹೊಸ ಪ್ಯಾಡು, ತಾಯಾಣೆಗೂ ಕಂಪನಿ ಮಾಲು. ಅಂಗಡಿಯ ಹಿಂದೆಯೇ ಮನೆ. ಒಂದು ದಿನ ತಾಯಿಯೇ ಹೊರಗೆ ಬಂದು, "ಲೋ, ಇನ್ನೊಂದು ಸಲ ನನ್ನ ಎಳೆದು ತಂದ್ರೆ ನೋಡು," ಅಂತ ಪೊರಕೆ ತೋರಿಸಿದಳು. ಬ್ರೇಕಕ್ಕ ಅಲ್ಲಿಂದಲೂ ಕಾರು ತಿರುಗಿಸಿದಳು.

ಮೂರನೆಯವನು ಹಣ್ಣು ಮುದುಕ, ಒಂಟಿ ಮೆಕ್ಯಾನಿಕ್ಕು. ಮಾತು ಕಡಿಮೆ, ಕೈ ಚೊಕ್ಕಟ. ಅಷ್ಟು ಹೊತ್ತಿಗೆ ಬ್ರೇಕಕ್ಕ ಹೊಸ ಉಪಾಯ ಕಂಡುಕೊಂಡಿದ್ದಳು. ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚದವಳು ಒಂದು ಸೀಸೆ ಕೆಂಪು ಉಗುರುಬಣ್ಣ ಕೊಂಡಳು. ಹೊಸ ಪ್ಯಾಡು ಹಾಕುವಾಗ ಪಕ್ಕದಲ್ಲೇ ನಿಂತು ಅದರ ಬೆನ್ನಿಗೆ ಒಂದು ಚುಕ್ಕೆ ಇಡುವುದು, ಮುಂದಿನ ಸಲ ಬಿಚ್ಚಿದಾಗ ಚುಕ್ಕೆ ಇದೆಯೇ ಅಂತ ನೋಡುವುದು. ನಾಲ್ಕು ತಿಂಗಳಿಗೆ ಮತ್ತೆ ಕೀಚಲು ದನಿ. ಮುದುಕ ಬಿಚ್ಚಿದ. ಚುಕ್ಕೆ ಇರಲಿಲ್ಲ. ನಡುವೆ ಒಂದು ಸಲ ಹಾರ್ನ್ ಸರಿ ಮಾಡಲು ಕಾರು ಅವನ ಹತ್ತಿರ ಒಂದು ಹಗಲು ಇತ್ತು, ಆಗಲೇ ನನ್ನ ಹೊಸ ಪ್ಯಾಡು ಕದ್ದು ಹಳೇದು ತುರುಕಿದ್ದೀಯ ಅಂತ ಬ್ರೇಕಕ್ಕ ಬಾಯಿಗೆ ಬಂದಂತೆ ಬೈದಳು. ಮುದುಕ ಕೈ ಒರೆಸಿಕೊಂಡ, ಬೀಗದ ಕೈ ಆಕೆಯ ಅಂಗೈಯಲ್ಲಿಟ್ಟ, ಆಕೆ ಎದುರಿಗೇ ಶಟರ್ ಎಳೆದ. ನೋಡಿದೆಯಾ, ಸಿಕ್ಕಿಬಿದ್ದ ಮೇಲೆ ಬಾಯಿ ಬರಲಿಲ್ಲ ಅಂತ ಆಕೆ ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದಳು.

ಹೀಗೇ ಏಳು ಅಂಗಡಿ. ಏಳರಲ್ಲೂ ಒಂದಲ್ಲ ಒಂದು ಮೋಸ, ಚುಕ್ಕೆ ಇಟ್ಟಲ್ಲೆಲ್ಲ ಚುಕ್ಕೆ ಮಾಯ. ಪ್ರಪಂಚದ ಮೆಕ್ಯಾನಿಕ್ಕುಗಳೆಲ್ಲ ಸೇರಿ ತನ್ನೊಬ್ಬಳ ಕಣ್ಣಿಗೆ ಮಣ್ಣೆರಚಲು ಸಂಘ ಕಟ್ಟಿಕೊಂಡಿದ್ದಾರೆ ಅನ್ನುವುದು ಆಕೆಗೆ ಖಾತ್ರಿಯಾಯಿತು. ಕೊನೆಗೆ ಯಾರನ್ನೂ ನಂಬದೆ ಆರು ತಿಂಗಳು ಪ್ಯಾಡು ಬದಲಾಯಿಸುವುದನ್ನೇ ಬಿಟ್ಟಳು. ಕೀಚಲು ದನಿ ಎದ್ದರೆ ರೇಡಿಯೋ ಜೋರು ಮಾಡುತ್ತಿದ್ದಳು.

ಕಾರು ಕೈಕೊಟ್ಟದ್ದು ಒಂದು ಮಂಗಳವಾರ ಬೆಳಿಗ್ಗೆ, ನೀರಿನ ಟ್ಯಾಂಕಿನಿಂದ ಕೆಳಗಿಳಿಯುವ ಉದ್ದನೆಯ ಇಳಿಜಾರಿನಲ್ಲಿ. ಸ್ಟೇರಿಂಗ್ ಹಿಡಿದಿದ್ದವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮ, ಹನ್ನೊಂದನೇ ದಿನದ ಪಾಠ. ಅರ್ಧ ಇಳಿದ ಮೇಲೆ ಅವಳು, "ಅಕ್ಕಾ, ಬ್ರೇಕು ಹತ್ತಿಯಂಗೆ ಒಳಗೆ ಹೋಗ್ತಿದೆ," ಅಂದಳು. ಬ್ರೇಕಕ್ಕ ತನ್ನ ಕಡೆಯದನ್ನು ಒತ್ತಿದಳು. ಅದೂ ನೆಲಕ್ಕೆ ಹೋಯಿತು. ಸುಟ್ಟ ವಾಸನೆ. ಕೆಳಗೆ ನಾಲ್ಕು ರಸ್ತೆ ಕೂಡುವಲ್ಲಿ ಶಾಲೆಯ ಮಕ್ಕಳು ಸಾಲಾಗಿ ದಾಟುತ್ತಿದ್ದರು. ಬ್ರೇಕಕ್ಕ ಕೈಬ್ರೇಕು ಎಳೆದಳು, ಇನ್ನೊಂದು ಕೈಯಿಂದ ಸ್ಟೇರಿಂಗ್ ತಿರುಗಿಸಿದಳು. ಕಾರು ಮನೆ ಕಟ್ಟಲು ಹಾಕಿದ್ದ ಮರಳಿನ ಗುಡ್ಡೆಗೆ ಮೂತಿ ಹುಗಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ನಿಂತು ಚಪ್ಪಾಳೆ ತಟ್ಟಿದರು.

ನರ್ಸಮ್ಮ ಇಳಿದು, ಮೈಮೇಲಿನ ಮರಳು ಕೊಡವಿಕೊಂಡು ಹೇಳಿದಳು: "ಅಕ್ಕಾ, ನೀವು ಕಲಿಸೋದು ಚೆನ್ನಾಗಿದೆ. ಆದ್ರೆ ಈ ಗಾಡೀನ ಸರಿಯಾದ ಕಡೆ ತೋರಿಸದೆ ನಾನು ಹತ್ತಲ್ಲ. ಇನ್ನೊಬ್ಬರನ್ನ ಹತ್ತಿಸ್ಕೊಂಡ್ರೆ ಸುಮ್ನಿರೋದೂ ಇಲ್ಲ. ನೀಲಿ ಬಾಗಿಲಿನ ಗ್ಯಾರೇಜಿಗೆ ಹೋಗಿ. ನಮ್ಮಪ್ಪನ ಕಾರು ಅಲ್ಲೇ ಹೋಗೋದು. ಆ ಮನುಷ್ಯ ಬೈತಾನೆ, ಸುಳ್ಳು ಹೇಳಲ್ಲ."

"ಅವನಾ?" ಅಂದಳು ಬ್ರೇಕಕ್ಕ. ಬಾಯಲ್ಲಿ ಮರಳು ಕಚಕಚ ಅಂದಿತು.

ಇಡೀ ರಾತ್ರಿ ಆಕೆಗೆ ಕಣ್ಣು ಮುಚ್ಚಿದರೆ ಆ ಮಕ್ಕಳ ಸಾಲೇ ಬರುತ್ತಿತ್ತು. ಇನ್ನೊಂದು ಸಲ ಹೀಗಾದರೆ ಹೆಸರು ಹೋಗುವುದಲ್ಲ, ಜೀವ ಹೋಗುತ್ತದೆ. ಬ್ರೇಕು ಸರಿ ಮಾಡಿ ಸರಿಯಾಗಿದೆ ಅಂತ ನಿಜ ಹೇಳುವ ಒಬ್ಬನಾದರೂ ಬೇಕಿತ್ತು, ಇಲ್ಲವಾದರೆ ಕಾರು ಮಾರಿ ಮನೆಯಲ್ಲಿ ಕೂರಬೇಕಿತ್ತು. ಬೆಳಿಗ್ಗೆ ಎದ್ದು, ಹಗ್ಗ ಕಟ್ಟಿ ಎಳೆಸಿಕೊಂಡು, ನೀಲಿ ಬಾಗಿಲಿಗೆ ಹೋದಳು.

ಮೈದುನ ಯಾವುದೋ ಕಾರಿನ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿದ್ದವು.

"ಯಾರದು?"

"ನಾನು."

ಸ್ಪ್ಯಾನರಿನ ಸದ್ದು ನಿಂತಿತು.

"ದಾರಿ ತಪ್ಪಿ ಬಂದ್ರಾ?"

"ತಪ್ಪಿ ಅಲ್ಲ. ಗತಿಯಿಲ್ದೆ."

"ಹಾಗಾದ್ರೆ ಸರಿ," ಅಂತ ಹೊರಗೆ ಜಾರಿ ಬಂದ. ಕೂದಲು ನರೆತಿತ್ತು, ಕಿವಿಯ ಹತ್ತಿರ ಗಂಡನದೇ ಛಾಯೆ. ಅದನ್ನು ನೋಡಿ ಬ್ರೇಕಕ್ಕನ ಕೋಪ ಇನ್ನಷ್ಟು ಏರಿತು. "ಕಳ್ಳನ ಅಂಗಡಿ ಇದು, ನೆನಪಿದೆ ತಾನೇ?" ಅಂದ ಮೈದುನ. "ಕೆಲಸ ಮಾಡ್ತೀನಿ. ಮಾತು ಬೇಡ."

"ನಂಗೂ ಏನು ನಿನ್ನ ಮಾತು ಕೇಳೋ ಹಂಬಲ ಇಲ್ಲ."

ಚಕ್ರ ಬಿಚ್ಚಿದ. ಪ್ಯಾಡಿನಲ್ಲಿ ಸವೆಯಲು ಏನೂ ಉಳಿದಿರಲಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತ್ತು. ಪ್ಯಾಡು ಹಿಡಿಯುವ, ಹೊಳೆಯಬೇಕಿದ್ದ ಉಕ್ಕಿನ ತಟ್ಟೆ ಕಾದು ನೀಲಿಗೆ ತಿರುಗಿತ್ತು. "ಬ್ರೇಕ್ ಆಯಿಲ್ ಕುದ್ದು ಹೋಗಿದೆ. ಅದಕ್ಕೇ ಹತ್ತಿ ಥರ ಒಳಗೆ ಹೋಗಿದ್ದು," ಅಂದ. "ಕಾರಣ ಆರು ವರ್ಷದ ಹಿಂದೆ ಹೇಳಿದ್ದೆ. ಈಗ್ಲೂ ಅದೇ. ದಿನಾ ಎಂಟು ಸಲ ಈ ತಿರುವಲ್ಲಿ ಹೋಗ್ತೀರಿ. ಹಿಂದಿನ ಕೆಂಪು ದೀಪ ಆರಿದ್ದನ್ನ ನಾನು ಒಂದು ಸಲಾನೂ ನೋಡಿಲ್ಲ."

"ಸುಳ್ಳು."

"ಆಯ್ತು, ಸುಳ್ಳು."

ಎಲ್ಲವನ್ನೂ ಹೊಸದು ಹಾಕಿದ. ಬ್ರೇಕಕ್ಕ ಒಂದು ಗಳಿಗೆ ಕದಲದೆ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಳು, ಪ್ಯಾಡು ಕೂರಿಸುವ ಮುಂಚೆ ಚೀಲದಿಂದ ಉಗುರುಬಣ್ಣದ ಸೀಸೆ ತೆಗೆದಳು. ಮೈದುನ ಮೊದಲ ಸಲ ನಕ್ಕ. ಒಳ್ಳೆಯ ನಗುವಲ್ಲ ಅದು.

"ಇದಾ ನಿಮ್ಮ ಪರೀಕ್ಷೆ? ಉಕ್ಕೇ ಬಣ್ಣ ತಿರುಗೋವಷ್ಟು ಕಾಯಿಸ್ತೀರಿ, ಉಗುರುಬಣ್ಣ ಉಳಿಯುತ್ತಾ? ಹದಿನೈದು ದಿನಕ್ಕೆ ಸುಟ್ಟು ಬೂದಿ."

ಬ್ರೇಕಕ್ಕನ ಕೈ ಅಲ್ಲೇ ನಿಂತಿತು. ಕಣ್ಣ ಮುಂದೆ ಆ ಒಂಟಿ ಮುದುಕ ಶಟರ್ ಎಳೆದ. ಆಕೆ ಸೀಸೆಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದಳು.

ಹೊರಡುವಾಗ ನೋಡಿದರೆ ಮೈದುನ ಆಕೆಯ ಕಡೆಯ ಬ್ರೇಕಿಗೆ ಎರಡು ವೈರು ಜೋಡಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬಜರ್ ಒಂದನ್ನು ಅಂಟಿಸಿದ್ದ. "ನಿಮ್ಮ ಬ್ರೇಕು ಕೂದಲೆಳೆಯಷ್ಟು ಒತ್ತಿದ್ರೂ ಇದು ಕೂಗುತ್ತೆ. ಮೂರು ದಿನ ಕೀಳಬೇಡಿ. ಕಿತ್ರೆ ಮತ್ತೆ ಈ ಕಡೆ ಬರಬೇಡಿ."

ಮಾರನೆಯ ದಿನ ನರ್ಸಮ್ಮ ಬಂದಳು. ಕಾರು ಗೇಟು ದಾಟಿತು, ಬಜರ್ ಶುರುವಾಯಿತು. ಹಲ್ಲಿನ ಡಾಕ್ಟರ ಯಂತ್ರದ ಹಾಗೆ ತಲೆಯೊಳಗೆ ಕೊರೆಯುವ ಸದ್ದು. ಬೀದಿಯ ತುದಿಗೆ ಬಂದರೂ ನಿಲ್ಲಲಿಲ್ಲ. ಹೂ ಮಾರುವವಳು ಎದ್ದು ನಿಂತು ನೋಡಿದಳು, ನಾಯಿಯೊಂದು ಜೊತೆಗೆ ದನಿ ಸೇರಿಸಿತು.

"ಬೇಕಂತಲೇ ಮಾಡಿದ್ದಾನೆ ಬೇವರ್ಸಿ!" ಬ್ರೇಕಕ್ಕ ಕೂಗಿದಳು. "ಒತ್ತದೇ ಇದ್ರೂ ಹೊಡ್ಕೊಳ್ಳೋ ಹಂಗೆ ವೈರು ಕೊಟ್ಟಿದ್ದಾನೆ! ಊರೆಲ್ಲ ನನ್ನ ನೋಡಿ ನಗಲಿ ಅಂತ!"

ನರ್ಸಮ್ಮ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದಳು. "ಅಕ್ಕಾ, ಕೆಳಗೆ ನೋಡಿ."

ಬ್ರೇಕಕ್ಕ ನೋಡಿದಳು. ಬಲಗಾಲು ಬ್ರೇಕಿನ ಮೇಲಿತ್ತು. ಮೇಲಿತ್ತು ಅನ್ನುವುದಕ್ಕಿಂತ ಬೆರಳು ಬಿಗಿಯಾಗಿ ಊರಿತ್ತು, ಚಪ್ಪಲಿಯ ತುದಿ ಮಡಚಿತ್ತು. ಆಕೆ ಕಾಲನ್ನು ಎತ್ತಿದಳು. ಬಜರ್ ನಿಂತಿತು. ಇಳಿಸಿದಳು. ಕೂಗಿತು. ತನ್ನ ಕಾಲೇ ತನಗೆ ತಿಳಿಯದ ಹಾಗೆ ಕೆಲಸ ಮಾಡಿಕೊಂಡಿದೆ ಅನ್ನುವುದನ್ನು ನೋಡಿ ಆಕೆಗೆ ಮೈಯೆಲ್ಲ ಉರಿಯಿತು, ನಾಚಿಕೆಯೂ ಆಯಿತು.

"ನಮ್ಮ ವಾರ್ಡಲ್ಲೂ ಎಲ್ಲರೂ ಮಷೀನಿಗೇ ಬೈತಾರೆ," ಅಂದಳು ನರ್ಸಮ್ಮ.

"ನೀನು ರಸ್ತೆ ನೋಡಮ್ಮ," ಅಂದಳು ಬ್ರೇಕಕ್ಕ.

ಮೂರು ದಿನ ಕಾಲಿಗೂ ತಲೆಗೂ ಕುಸ್ತಿ. ಸೈಕಲ್ಲು ಕಂಡರೆ ಕಾಲು ಹೋಗುತ್ತಿತ್ತು, ಬೇಕರಿ ಕಂಡರೆ ಹೋಗುತ್ತಿತ್ತು, ಏನೂ ಇಲ್ಲದ ಖಾಲಿ ರಸ್ತೆಯಲ್ಲೂ ಹೋಗುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದುದು ಯಾಕೆ ಅಂತಲೂ ತಿಳಿಯಿತು. ಆದರೆ ಮೂರನೇ ದಿನ ಡೈರಿ ತೆರೆದಾಗ ಬ್ರೇಕಕ್ಕನಿಗೆ ಒಂದು ಮಾತು ಹೊಳೆಯಿತು, ಹೊಳೆದದ್ದೇ ತಡ, ಹೋದ ಜೀವ ಬಂದಂತಾಯಿತು. ಸಿಕ್ಕ ನೀನು ಮಗನೇ, ಅಂದುಕೊಂಡಳು.

ಮಾರನೆಯ ದಿನ ಪಾಠದ ನಡುವೆಯೇ ನರ್ಸಮ್ಮನನ್ನು ನೀಲಿ ಬಾಗಿಲಿನ ಮುಂದೆ ನಿಲ್ಲಿಸಿ, ಡೈರಿ ಹಿಡಿದು ಇಳಿದಳು.

"ಒಪ್ಪಿದೆ," ಅಂದಳು ಮೈದುನನಿಗೆ. "ಕಾಲು ನಂದೇ. ಈಗ ನೀನು ಹೇಳು. ಈ ಕಾಲು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದೆ. ನಿಮ್ಮಣ್ಣ ಇದ್ದಾಗಲೂ ಅಲ್ಲೇ ಇತ್ತು. ಆಗ ಪ್ಯಾಡು ಎರಡೆರಡು ವರ್ಷ ಬಂತು, ನೋಡು, ತಾರೀಖಿನ ಸಮೇತ ಇದೆ. ಅವರು ಹೋದ ಮೇಲೆ ನಾಲ್ಕು ತಿಂಗಳು. ಕಾಲು ಅದೇ, ಕಾರು ಅದೇ. ಬದಲಾಗಿದ್ದು ಯಾವುದು? ನೀನು!"

ಮೈದುನ ಆರು ವರ್ಷದ ಹಿಂದೆ ತಲೆ ಕೆರೆದುಕೊಂಡ ಹಾಗೆಯೇ ಕೆರೆದುಕೊಂಡ.

"ಬಾಯಿ ಬಿಡು. ಇಲ್ಲಾಂದ್ರೆ ಈ ಗಿರಾಕಿಗಳ ಮುಂದೆ ಇನ್ನೊಂದ್ಸಲ ಹೇಳ್ತೀನಿ ನಿನ್ನ ಹೆಸರು."

ಅವನು ಒಳಗೆ ಹೋದ. ಕಬ್ಬಿಣ ಎಳೆದಾಡಿದ ಸದ್ದು ಬಂತು. ಬರುವಾಗ ಎರಡು ಕೈಯಲ್ಲಿ ತೂಕದ ಒಂದು ಸರ ಹಿಡಿದಿದ್ದ, ದಪ್ಪ ತಂತಿಗೆ ಪೋಣಿಸಿದ ಹಳೆಯ ಪ್ಯಾಡುಗಳು. ಬೆಂಚಿನ ಮೇಲೆ ಧಡ್ ಅಂತ ಹಾಕಿದ.

"ಓದ್ಕೊಳ್ಳಿ."

ಪ್ರತಿ ಪ್ಯಾಡಿನ ಬೆನ್ನಿನ ಮೇಲೂ ಬಿಳಿ ಪೇಂಟಿನಲ್ಲಿ ತಾರೀಖು. ಸಣ್ಣ, ಓರೆ ಅಂಕಿಗಳು. ಏಳರ ನಡುವೆ ಅಡ್ಡಗೆರೆ.

ಬ್ರೇಕಕ್ಕ ಒಂದನ್ನು ಓದಿದಳು, ಅದರ ಪಕ್ಕದ್ದನ್ನು ಓದಿದಳು. ನಡುವೆ ನಾಲ್ಕು ತಿಂಗಳು. ಮತ್ತೊಂದು, ಮೂರೂವರೆ. ಮತ್ತೊಂದು, ನಾಲ್ಕು. ತಂತಿಯುದ್ದಕ್ಕೂ ಹಾಗೇ.

"ಭಾನುವಾರ ಬರ್ತಿದ್ದ," ಅಂದ ಮೈದುನ. ದನಿ ಒರಟಾಗಿಯೇ ಇತ್ತು. "ನಾನು ಹಾಕ್ತೀನಿ ಅಂದ್ರೂ ಕೇಳ್ತಿರಲಿಲ್ಲ, ತಾನೇ ಕೂತು ಹಾಕೋನು. ಬಿಚ್ಚಿದ್ರಲ್ಲಿ ಒಂದಕ್ಕೆ ತಾರೀಖು ಬರೆದು ತಂತಿಗೆ ಹಾಕೋನು, ಸ್ಟೋರ್ ಕೀಪರ್ ಬುದ್ಧಿ. ಎರಡು ವರ್ಷಕ್ಕೊಮ್ಮೆ ನೀವು ಬಂದಾಗ ನಾನು ಬದಲಾಯಿಸಿದಂಗೆ ಮಾಡ್ತಿದ್ದೆ. ಅತ್ತಿಗೆಗೆ ಹೇಳಿಬಿಡು ಅಂತ ನಾನು ಎಷ್ಟು ಸಲ ಅಂದಿದ್ದೀನಿ. ಹೇಳಿದ್ರೆ ಕಾಲು ತೆಗೀತಾಳೆ, ಕಾಲು ತೆಗೆದ್ರೆ ಧೈರ್ಯ ಹೋಗುತ್ತೆ, ಆಮೇಲೆ ಕಾರು ಹತ್ತಲ್ಲ, ಪ್ಯಾಡು ಸವೆದ್ರೆ ಸವೀಲಿ ಬಿಡು ಅನ್ನೋನು."

ಬ್ರೇಕಕ್ಕ ತಂತಿಯ ಕೊನೆಯ ಪ್ಯಾಡು ಹುಡುಕಿದಳು. ಅದರ ಮೇಲಿನ ಅಂಕಿಗಳು ಉಳಿದವುಗಳಿಗಿಂತ ಡೊಂಕಾಗಿದ್ದವು, ಪೇಂಟು ಒಂದು ಕಡೆ ಜಾರಿತ್ತು. ಆ ತಾರೀಖು ಆಕೆಗೆ ಗೊತ್ತಿತ್ತು. ಮೆಟ್ಟಿಲಿಳಿದರೆ ಏದುಸಿರು ಬರುತ್ತಿದ್ದ ಮನುಷ್ಯ ನೆಲದ ಮೇಲೆ ಕೂತು ಚಕ್ರ ಬಿಚ್ಚಿದ ದಿನ. ತಾನು ಸಂಜೆಯವರೆಗೆ ಮಾತು ಬಿಟ್ಟ ದಿನ.

"ಮತ್ತೆ ನೀನು?" ಆಕೆ ತಲೆ ಎತ್ತದೆ ಕೇಳಿದಳು. "ನಾನು ಕಳ್ಳ ಅಂದಾಗ ಇದನ್ನ ಯಾಕೆ ತಂದು ಮುಖಕ್ಕೆ ಎಸೀಲಿಲ್ಲ?"

"ಅಣ್ಣ ಹೇಳಬೇಡ ಅಂದಿದ್ದ. ಅದು ಅರ್ಧ." ಮೈದುನ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಿಂದ ತಿಕ್ಕಿದ. "ಇನ್ನರ್ಧ, ಊರೆಲ್ಲ ಅಲೆದು ಮೋಸ ಹೋಗಲಿ ಅಂತ. ಬೇರೆಯವರ ಮುಂದೆ ಆ ಮಾತು ಅಂದಿರಿ. ಬ್ರೇಕೇ ಹೋಗೋವರೆಗೂ ಬಿಡ್ತೀರಿ ಅಂತ ನಂಗೆ ಗೊತ್ತಿರಲಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ ಅಂತ ಬ್ರೇಕಕ್ಕನಿಗೆ ಗೊತ್ತಾಯಿತು. ಯಾರೂ ತಮ್ಮ ಕೆಟ್ಟತನದ ಬಗ್ಗೆ ಅಷ್ಟು ಸರಿಯಾಗಿ ಸುಳ್ಳು ಹೇಳುವುದಿಲ್ಲ. ಹಾಗಾದರೆ ಹದಿನಾರು ವರ್ಷ ತನಗೆ ಸುಳ್ಳು ಹೇಳಿದವರು ಒಬ್ಬರೇ, ತಾನು ಕಣ್ಣು ಮುಚ್ಚಿ ನಂಬಿದ ಒಬ್ಬರೇ. ಬಾಯ್ತುಂಬ ಬೈಯಬೇಕು ಅನ್ನಿಸಿತು. ಒಂದೇ ಒಂದು ಸಲ ಎದುರಿಗೆ ಕೂರಿಸಿಕೊಂಡು, ಯಾರ್ರೀ ಹೇಳಿದ್ದು ನಿಮಗೆ ನನ್ನ ಧೈರ್ಯ ಪ್ಯಾಡಿನಲ್ಲಿದೆ ಅಂತ, ಅಂತ ನೀರಿಳಿಸಬೇಕು ಅನ್ನಿಸಿತು. ಬೈಯಲು ಮನುಷ್ಯ ಇರಲಿಲ್ಲ.

ಬೆಂಚಿನ ಮೂಲೆಯಲ್ಲಿ ನಾಲ್ಕು ದಿನದ ಹಿಂದೆ ಆಕೆಯ ಕಾರಿನಿಂದ ಬಿಚ್ಚಿದ, ಬರೀ ಕಬ್ಬಿಣ ಉಳಿದ ಪ್ಯಾಡು ಬಿದ್ದಿತ್ತು. ಬ್ರೇಕಕ್ಕ ಅದನ್ನು ಎತ್ತಿ ಸೆರಗಿನಿಂದ ಒರೆಸಿದಳು. ಚೀಲದಿಂದ ಉಗುರುಬಣ್ಣ ತೆಗೆದು ಅದರ ಬೆನ್ನಿಗೆ ಬಿಚ್ಚಿದ ದಿನದ ತಾರೀಖು ಬರೆದಳು. ಏಳು ಬಂದಾಗ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅಡ್ಡಗೆರೆ ಎಳೆದಳು.

"ತಂತಿಗೆ ಹಾಕು," ಅಂತ ಮೈದುನನ ಕೈಗೆ ಕೊಟ್ಟಳು.

ಅವನು ಹಾಕಿದ. ಇಬ್ಬರೂ ತಪ್ಪಾಯಿತು ಅನ್ನಲಿಲ್ಲ. ಆಕೆ ಹೊರಟಾಗ ಅವನು, ಎಲ್ಲ ಗಿರಾಕಿಗಳನ್ನೂ ಕೇಳುವ ಚಟದಲ್ಲಿ, "ಕಾರು ತೊಳೆಸಿ ಕೊಡ್ಲಾ?" ಅಂತ ಕೇಳಿ ನಾಲಿಗೆ ಕಚ್ಚಿಕೊಂಡ.

"ಬೇಡ," ಅಂದಳು ಬ್ರೇಕಕ್ಕ. "ನಿಮ್ಮ ಮನೆಯವರು ತೊಳೆದಿದ್ದು ಸಾಕು."

ಕಾರು ಹತ್ತಿ ಬಾಗಿಲು ಬಡಿದು ಹಾಕಿದಳು. ಎರಡು ಕಾಲನ್ನೂ ಸೀಟಿನ ಕೆಳಗೆ ಎಳೆದುಕೊಂಡು ಒಂದರ ಮೇಲೊಂದು ಬಿಗಿದಳು. ನರ್ಸಮ್ಮ ಆಕೆಯ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದಳು.

"ಹೊರಡು," ಅಂದಳು ಬ್ರೇಕಕ್ಕ. "ನನ್ನ ಮುಖ ನೋಡಬೇಡ, ರಸ್ತೆ ನೋಡು."